ಎಡಗಾಲಿಗೆ ಸಿಗದ ಕತ್ತು

ನಾನು ಕಾಲು ಮುಂದಾಗಿ ಹುಟ್ಟಿದವಳು. ಲೋಕವೆಲ್ಲ ತಲೆ ಮುಂದೆ ಮಾಡಿಕೊಂಡು ಬಂದರೆ, ನಾನು ಮೊದಲು ಎಡಗಾಲನ್ನು ಆಚೆಗೆ ಚಾಚಿ, ಹವಾ ಹೇಗಿದೆ ಅಂತ ನೋಡಿಕೊಂಡು, ಆಮೇಲೆ ಮಿಕ್ಕವಳು ಬಂದೆನಂತೆ. ನಮ್ಮ ಕಡೆ ಹೀಗೆ ಹುಟ್ಟಿದವರ ಕಾಲಿಗೆ ಒಂದು ಗುಣವಿದೆ ಎನ್ನುತ್ತಾರೆ. ಸೊಂಟ ಉಳುಕಿದವರು, ಕತ್ತು ಹಿಡಿದುಕೊಂಡವರು ಬೆಳಿಗ್ಗೆ ಬಾಯಿಗೆ ಏನೂ ಹಾಕಿಕೊಳ್ಳದೆ ಬಂದು, ಬೆನ್ನು ತಿರುಗಿಸಿ ಮಣೆಯ ಮೇಲೆ ಕೂರಬೇಕು. ಕಾಲು ಮುಂದಾಗಿ ಹುಟ್ಟಿದವರು ನೋವಿನ ಜಾಗಕ್ಕೆ ಮೂರು ಸಲ ಎಡಗಾಲು ತಾಗಿಸಬೇಕು. ಆಮೇಲೆ ಬಂದವರು ಎದ್ದು, ಹೋಗಿ ಬರುತ್ತೀನಿ ಅಂತಲೂ ಅನ್ನದೆ, ಹಿಂದಕ್ಕೆ ತಿರುಗಿ ನೋಡದೆ ಹೊರಟುಬಿಡಬೇಕು. ತಿರುಗಿ ನೋಡಿದರೆ ಬಿಟ್ಟ ನೋವು ಮುಖದ ಗುರುತು ಹಿಡಿದು ಹಿಂದೆಯೇ ಬರುತ್ತದಂತೆ. ಇಷ್ಟೇ ಶಾಸ್ತ್ರ. ಜನ ಇದನ್ನು ಒದೆಸಿಕೊಳ್ಳುವುದು ಎನ್ನುತ್ತಾರೆ. ನಾನು ಜೀವಮಾನದಲ್ಲಿ ಯಾರನ್ನೂ ಒದ್ದವಳಲ್ಲ, ಬರೀ ತಾಗಿಸುವುದು. ಒದೆಯಬೇಕು ಅನ್ನಿಸಿದವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಸೊಂಟ ಉಳುಕಿಲ್ಲ ಅಷ್ಟೆ.

ನನ್ನ ಮೊದಲ ರೋಗಿ ನನ್ನ ಅಜ್ಜಿ, ಅಪ್ಪನ ತಾಯಿ. ಆಗ ನನಗೆ ಹನ್ನೊಂದು ದಿನ. ಹುಲ್ಲಿನ ಹೊರೆ ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡು ಅಜ್ಜಿ ಮೂರು ತಿಂಗಳು ಹಾಸಿಗೆ ಹಿಡಿದಿದ್ದಳಂತೆ. ಪೂರಿಗಾಲಿಯ ನಮ್ಮ ಮನೆಯ ನಡುಮನೆಯಲ್ಲಿ ಸೂಲಗಿತ್ತಿ ನನ್ನನ್ನು ಎತ್ತಿಕೊಂಡು, ನನ್ನ ಪಾದವನ್ನು ಅಜ್ಜಿಯ ಸೊಂಟಕ್ಕೆ ಮೂರು ಸಲ ಮುಟ್ಟಿಸಿದಳು. ಅಜ್ಜಿ ನೆಟ್ಟಗೆ ನಿಂತು, "ಓಯ್ತು ಕಣ್ರೇ! ಇಡ್ಕೊಂಡಿದ್ದು ಬುಟ್ಟೋಯ್ತು!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಈ ಕಥೆಯನ್ನು ಅಜ್ಜಿಯ ಬಾಯಲ್ಲೇ ಎಷ್ಟು ಸಲ ಕೇಳಿದ್ದೇನೆ ಎಂದರೆ, ಹನ್ನೊಂದು ದಿನದ ಮಗುವಾಗಿ ಅಲ್ಲಿ ನಾನೇ ನಿಂತು ನೋಡಿದ ಹಾಗಿದೆ.

ಅಲ್ಲಿಂದ ಶುರುವಾಯಿತು ನನ್ನ ರಾಜಯೋಗ. ಅಜ್ಜಿ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡೇ ಊರು ಸುತ್ತುವಳು. ಅಕ್ಕಂದಿರಿಬ್ಬರೂ ಬರಿಗಾಲಲ್ಲಿ ಸ್ಕೂಲಿಗೆ ಹೋದರೆ ನನಗೆ ಮಳವಳ್ಳಿಯಿಂದ ಚಪ್ಪಲಿ ಬಂತು. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಚಪ್ಪಲಿ ಹಾಕಿದ ಮೊದಲನೆಯವಳು ನಾನೇ. "ಮಗಿ ಕಾಲಿಗೆ ಮುಳ್ಳು ಚುಚ್ಚೀತು, ಜ್ವಾಪಾನ ಕಣ್ರೇ" ಎಂದು ಅಜ್ಜಿ ಎಲ್ಲರಿಗೂ ಗದರುವಳು. ಬೆಳಿಗ್ಗೆ ನಾನು ಕಣ್ಣುಜ್ಜಿಕೊಂಡು ಎದ್ದು ಬರುವ ಹೊತ್ತಿಗೆ ಜಗಲಿಯ ಮೇಲೆ ಯಾರೋ ಒಬ್ಬರು ಸೊಟ್ಟಗೆ ಕೂತಿರುತ್ತಿದ್ದರು. ದೊಡ್ಡವರಿಗೆ ಕಾಲು ತಾಗಿಸುವ ಮುಂಚೆ ಒಂದು ನಮಸ್ಕಾರ ಮಾಡಿ, ಆಮೇಲೆ ತಾಗಿಸಬೇಕು. ಹಾಗೆ ನಾನು ಮೇಷ್ಟರ ಬೆನ್ನಿಗೂ ಕಾಲಿಟ್ಟಿದ್ದೇನೆ. ಲೆಕ್ಕ ತಪ್ಪಿದ್ದಕ್ಕೆ ಹಿಂದಿನ ದಿನ ತಾನೇ ಅವರು ನನ್ನ ಕಿವಿ ಹಿಂಡಿದ್ದರು. ಆವತ್ತು ಒಸಿ ಜೋರಾಗಿಯೇ ತಾಗಿಸಿದೆ, ಸುಳ್ಳು ಯಾಕೆ ಹೇಳಲಿ.

ಇಡೀ ಊರು ಬಂತು. ಅವ್ವ ಒಬ್ಬಳು ಬರಲಿಲ್ಲ.

ಅವ್ವನಿಗೆ ಕತ್ತು ನೋವು ಇರಲಿಲ್ಲ ಅಂತಲ್ಲ. ಗದ್ದೆಯಿಂದ ಹೊರೆ ಹೊತ್ತು ಬಂದ ದಿನ ಬಾಗಿಲ ಚೌಕಟ್ಟಿಗೆ ಕತ್ತನ್ನು ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿರುತ್ತಿದ್ದಳು. ನನಗೆ ಎಂಟು ವರ್ಷ ಇರಬಹುದು, ಒಂದು ದಿನ ನಾನೇ ಮಣೆ ತಂದು ಹಾಕಿ, "ಕುಂತ್ಕವ್ವ, ತಾಗ್ಸುತೀನಿ" ಅಂದೆ. ಅವ್ವ ಚೌಕಟ್ಟು ಬಿಟ್ಟು ಸರಕ್ಕನೆ ನೆಟ್ಟಗಾದಳು. "ನಂಗೇನಾಗದೆ? ಓಗು, ಓದ್ಕೋ ಓಗು" ಎಂದು ಮಣೆಯನ್ನು ಕಾಲಲ್ಲೇ ಗೋಡೆಗೆ ಸರಿಸಿದಳು. ಆಮೇಲೂ ಕೇಳಿದೆ. ಮದುವೆಯಾದ ಮೇಲೂ ಕೇಳಿದೆ. ಪ್ರತಿ ಸಲವೂ ಅವ್ವನಿಗೆ ಏನೂ ಆಗಿರುತ್ತಿರಲಿಲ್ಲ. ಊರವರ ಕತ್ತೆಲ್ಲ ನೆಟ್ಟಗೆ ಮಾಡಿದ ನನಗೆ ಬೇಕಾಗಿದ್ದುದು ಆ ಒಂದು ಕತ್ತು. ಅದು ಸಿಗಲಿಲ್ಲವಲ್ಲ ಅಂತ ನನಗೆ ಉರಿಯುತ್ತಿತ್ತು. ಈಗಲೂ ಹೇಳುತ್ತೇನೆ, ಬಹಳ ಉರಿಯುತ್ತಿತ್ತು.

ಮದುವೆಯಾಗಿ ಮದ್ದೂರಿಗೆ ಬಂದೆ. ನಮ್ಮನೆಯವರಿಗೆ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ, ನನಗೆ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುವ ಕೆಲಸ. ನಾನು ಬರುವ ಮೊದಲೇ ನನ್ನ ಕಾಲಿನ ಸುದ್ದಿ ಮದ್ದೂರಿಗೆ ಬಂದಿತ್ತು. ಫ್ಯಾಕ್ಟರಿಯಲ್ಲಿ ಮೂಟೆ ಎತ್ತಿ ಬೆನ್ನು ಹಿಡಿಸಿಕೊಂಡವರು, ಬಸ್ಸಿನಲ್ಲಿ ತೂಕಡಿಸಿ ಕತ್ತು ಹೊರಳಿಸಿಕೊಂಡವರು ಬೆಳಿಗ್ಗೆ ಬೆಳಿಗ್ಗೆಯೇ ಬರತೊಡಗಿದರು. ಮಣೆ, ಮೂರು ಸಲ ಕಾಲು, ತಿರುಗಿ ನೋಡದೆ ಹೊರಡುವುದು. ಅವರು ಹೋದ ಮೇಲೆ ಅದೇ ಕಾಲಲ್ಲಿ ಮೆಷಿನ್ ತುಳಿಯುವುದು. ಹೀಗೇ ಇಪ್ಪತ್ತೆರಡು ವರ್ಷ ಕಳೆಯಿತು.

ಇಪ್ಪತ್ತೆರಡು ವರ್ಷ ಸೂಜಿಯ ಮೂತಿಯನ್ನೇ ನೋಡುತ್ತ ಬಗ್ಗಿ ಕೂತವಳ ಕತ್ತು ಏನಾಗಬೇಕು? ಮೆಷಿನ್ ಬಿಟ್ಟರೆ ಮೊಬೈಲು. ಯಾವ ಡಿಸೈನು, ಯಾವ ತೋಳು ಅಂತ ಅದರಲ್ಲಿ ಬಗ್ಗಿ ನೋಡುವುದು. ಕನ್ನಡಿಯಲ್ಲಿ ಪಕ್ಕದಿಂದ ಒಂದು ದಿನ ನೋಡಿಕೊಂಡೆ, ನನ್ನ ತಲೆ ನನಗಿಂತ ಒಂದು ಗೇಣು ಮುಂದೆ ಹೋಗುತ್ತಿತ್ತು. ಕಳೆದ ವರ್ಷ ಒಂದು ಬೆಳಿಗ್ಗೆ ಎದ್ದರೆ ಕತ್ತು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಬಾಗಿಲಲ್ಲಿ ಹಾಲಿನವನು ಕೂಗಿದರೆ ಪೂರ್ತಿ ಮೈಯನ್ನೇ ತಿರುಗಿಸಿ ಬರಬೇಕು. ಅಯ್ಯೋ ನನ್ನ ಕರ್ಮವೇ ಅಂದುಕೊಂಡೆ. ಉಳುಕು ಬಿಡಿಸುವವಳಿಗೇ ಉಳುಕು ಬಂದರೆ ಅವಳು ಯಾರ ಮನೆಯ ಜಗಲಿಯ ಮೇಲೆ ಹೋಗಿ ಕೂರಬೇಕು?

ಕಾಲು ನನ್ನದೇ, ಕತ್ತೂ ನನ್ನದೇ. ಎರಡನ್ನೂ ಕೂಡಿಸುವುದು ಅಷ್ಟೇನು ಕಷ್ಟ ಅಂದುಕೊಂಡು ಚಾಪೆಯ ಮೇಲೆ ಕೂತು ಎಡಗಾಲನ್ನು ಎರಡು ಕೈಯಲ್ಲೂ ಹಿಡಿದು ಎತ್ತಿದೆ. ಅದು ಮೂಗಿನ ತನಕವೂ ಬರಲಿಲ್ಲ. ಸೊಂಟದಲ್ಲಿ ಏನೋ ಲಟಕ್ ಅಂತು. ಆಗ ನನಗೆ ಮಹಾ ಬುದ್ಧಿ ಹೊಳೆಯಿತು. ಕಾಲು ತಲುಪದಿದ್ದರೇನು, ವರ್ಷಗಟ್ಟಲೆ ಆ ಕಾಲಲ್ಲೇ ಸವೆದ ಚಪ್ಪಲಿ ಇದೆಯಲ್ಲ! ಅದಕ್ಕೂ ಅಷ್ಟೋ ಇಷ್ಟೋ ಗುಣ ಇಳಿದಿರಬೇಕು. ಚಪ್ಪಲಿ ತೊಳೆದು, ಒರೆಸಿ, ಪೂರ್ವಕ್ಕೆ ಮುಖ ಮಾಡಿ, ಕತ್ತಿನ ಹಿಂದಕ್ಕೆ ಒಂದು ಸಲ ತಾಗಿಸಿದೆ, ಎರಡನೆಯ ಸಲ ತಾಗಿಸಿದೆ. ಅಷ್ಟರಲ್ಲಿ ನಮ್ಮನೆಯವರು ಶಿಫ್ಟು ಮುಗಿಸಿ ಬಾಗಿಲು ತಳ್ಳಿಕೊಂಡು ಒಳಗೆ ಬಂದರು.

"ಏನೇ ಇದು! ಬೆಳಬೆಳಿಗ್ಗೇನೇ ಚಪ್ಪಲೀಲ್ ಒಡ್ಕೊತಿದ್ದೀಯಾ! ನಾನೇನಂದೆ ಈಗ?"

"ನೀವೇನೂ ಅನ್ಲಿಲ್ಲ ಬುಡಿ. ಇನ್ನೊಂದು ಸಲ ಬಾಕಿ ಅದೆ, ಮಾತಾಡಿಸ್ಬೇಡಿ" ಅಂದೆ.

ಮೂರನೆಯದನ್ನೂ ತಾಗಿಸಿ ವಿಷಯ ಹೇಳಿದೆ. ಪುಣ್ಯಾತ್ಮ ಹೆಲ್ಮೆಟ್ಟನ್ನೂ ತೆಗೆಯದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, ಫ್ಯಾಕ್ಟರಿಯಲ್ಲಿ ಜೊತೆಗಾರರೊಬ್ಬರು ಮಂಡ್ಯದಲ್ಲಿ ಫಿಸಿಯೋಥೆರಪಿಗೆ ಹೋಗಿ ವಾಸಿ ಮಾಡಿಕೊಂಡಿದ್ದಾರೆ, ನೀನೂ ಹೋಗು ಅಂದರು. ನಾನು ಬೆಚ್ಚಿಬಿದ್ದೆ. ಮದ್ದೂರಿನ ಅರ್ಧ ಜನಕ್ಕೆ ಕತ್ತು ಬಿಡಿಸಿದವಳು ಕತ್ತು ತೋರಿಸಲು ಹೋದಳಂತೆ ಅಂತ ಸುದ್ದಿಯಾದರೆ ನನ್ನ ಕಾಲಿನ ಮಾನ ಉಳಿಯುತ್ತದೆಯೇ? ಬ್ಲೌಸನ್ನು ಊರಿನಲ್ಲಿ ಹತ್ತು ಜನ ಹೊಲಿಯುತ್ತಾರೆ. ನಾನು ನಾನು ಅನ್ನಿಸಿಕೊಂಡಿದ್ದೇ ಈ ಕಾಲಿನಿಂದ. ಆದರೂ ಒಂದು ವಾರ ತಡೆದು, ಇನ್ನು ತಡೆಯಲಾರದೆ, ಲೈನಿಂಗ್ ಬಟ್ಟೆ ತರುತ್ತೀನಿ ಅಂತ ಅಕ್ಕಪಕ್ಕದವರಿಗೆ ಹೇಳಿ, ಆಧಾರ್ ಕಾರ್ಡು ಹಿಡಿದು ಮಂಡ್ಯದ ಬಸ್ಸು ಹತ್ತಿದೆ. "ಲೈನಿಂಗು ಮದ್ದೂರಲ್ಲೇ ಸಿಗಲ್ವಾ ಅಕ್ಕ?" ಅಂತ ಕೇಳಿದವಳಿಗೆ, "ಆ ಬಣ್ಣ ಸಿಗಲ್ಲ ಕಣೇ" ಅಂದೆ. ಯಾವ ಬಣ್ಣ ಅಂತ ಅವಳು ಕೇಳುವಷ್ಟರಲ್ಲಿ ಬಸ್ಸು ಹೊರಟಿತ್ತು, ದೇವರು ದೊಡ್ಡವನು.

ಮಂಡ್ಯದ ಆ ಕ್ಲಿನಿಕ್ಕಿನಲ್ಲಿದ್ದವರು ನನ್ನ ಅಕ್ಕನ ಮಗಳ ವಯಸ್ಸಿನ ಹುಡುಗಿ. ಆದರೂ ಮೇಡಂ ಅಂದೆ. ನನ್ನನ್ನು ಗೋಡೆಗೆ ನಿಲ್ಲಿಸಿ ಪಕ್ಕದಿಂದ ನೋಡಿದರು. ಹಿಮ್ಮಡಿ, ಸೊಂಟ, ಬೆನ್ನು ಎಲ್ಲ ಗೋಡೆಗೆ ತಾಗಿದವು. ತಲೆ ಮಾತ್ರ ನನಗೂ ಗೋಡೆಗೂ ಸಂಬಂಧವಿಲ್ಲ ಅಂತ ಮುಂದೆ ನಿಂತಿತ್ತು.

"ನೋಡಿ, ತಲೆ ಮುಂದಕ್ಕೆ ಹೋದಷ್ಟೂ ಕತ್ತಿಗೆ ಭಾರ ಜಾಸ್ತಿ. ಅದನ್ನ ಹೊತ್ತೂ ಹೊತ್ತೂ ಹಿಂದಿನ ಮಾಂಸಖಂಡ ಬಿಗಿದುಕೊಂಡಿದೆ. ಉಳುಕೂ ಅಲ್ಲ, ಏನೂ ಅಲ್ಲ. ಮುಂಚೆ ಎಲ್ಲಾದ್ರೂ ತೋರಿಸಿದ್ರಾ?"

ಚಪ್ಪಲಿಯ ವಿಷಯ ಹೇಗೆ ಹೇಳುವುದು! ಇಲ್ಲ ಮೇಡಂ ಅಂದೆ.

"ಒಳ್ಳೇದಾಯ್ತು. ನಿಮ್ಮ ಮದ್ದೂರು ಕಡೆ ಯಾರೋ ಒಬ್ಬರು ಕಾಲಲ್ಲಿ ಒದೀತಾರಂತೆ. ಅವರ ಹತ್ತಿರ ಮಾತ್ರ ಹೋಗಬೇಡಿ. ಕತ್ತು ಅಂದ್ರೆ ಹುಡುಗಾಟ ಅಲ್ಲ."

"ಒದೆಯಲ್ಲ ಮೇಡಂ, ಬರೀ ತಾಗಿಸೋದು" ಅಂತ ಬಾಯಿಗೆ ಬಂದೇಬಿಟ್ಟಿತು.

"ನಿಮಗೆ ಹೇಗೆ ಗೊತ್ತು?"

"ಜನ ಅಂತಾರೆ, ಮೇಡಂ."

"ಯಾರೋ ಏನೋ. ನೀವು ಹೋಗಬೇಡಿ."

"ಇಲ್ಲ ಇಲ್ಲ, ಅಂಥವರ ಮನೆ ಹೊಸಲೂ ತುಳಿಯಲ್ಲ ನಾನು" ಅಂತ ಆಣೆ ಮಾಡಿದವಳ ಹಾಗೆ ಹೇಳಿದೆ. ಆವತ್ತು ಸಂಜೆ ಮನೆಯೊಳಗೆ ಕಾಲಿಡುವಾಗ ಹೊಸಲು ತುಳಿಯದೆ ದಾಟಿಕೊಂಡೇ ಹೋದೆ.

ಮೇಡಂ ಹೇಳಿಕೊಟ್ಟ ಕಸರತ್ತು ಇಷ್ಟೇ. ಗದ್ದವನ್ನು ಬಗ್ಗಿಸದೆ, ಎತ್ತದೆ, ಮೇಜಿನ ಖಾನೆಯನ್ನು ಒಳಗೆ ತಳ್ಳಿದ ಹಾಗೆ ನೇರ ಹಿಂದಕ್ಕೆ ಎಳೆದುಕೊಳ್ಳಬೇಕು. ಐದು ಎಣಿಸುವ ತನಕ ಹಾಗೇ ಇದ್ದು ಬಿಡಬೇಕು. ಒಂದು ಸಲಕ್ಕೆ ಹತ್ತು, ದಿನಕ್ಕೆ ನಾಲ್ಕೈದು ಸಲ. ಆಮೇಲೆ ಬೆನ್ನಿನ ರೆಕ್ಕೆಮೂಳೆ ಎರಡನ್ನೂ ಒಂದಕ್ಕೊಂದು ಹತ್ತಿರ ತಂದು ಹಿಡಿಯುವುದು. ಹಣೆಗೆ ಅಂಗೈ ಒತ್ತಿ, ತಲೆಯನ್ನು ಅಲ್ಲಾಡಿಸದೆ ಅಂಗೈಯನ್ನು ತಳ್ಳುವುದು. ಅರ್ಧ ಗಂಟೆಗೊಮ್ಮೆ ಮೆಷಿನ್ ಬಿಟ್ಟು ಏಳುವುದು. ನಾನಂತೂ ಮಾತ್ರೆ ಕೊಡುತ್ತಾರೆ, ಕರೆಂಟು ಇಡುತ್ತಾರೆ, ಯಂತ್ರಕ್ಕೆ ಕಟ್ಟುತ್ತಾರೆ ಅಂತ ಹೋಗಿದ್ದೆ. ಗದ್ದ ಎಳೆದುಕೋ ಅಂತ ಕಳಿಸಿದರು. ಬಸ್ಸಿನಲ್ಲಿ ಕೂತು, ಇದಕ್ಕಿಂತ ನನ್ನ ಚಪ್ಪಲಿಯೇ ವಾಸಿ ಅಂದುಕೊಂಡೆ.

ಆದರೂ ಹಟಕ್ಕೆ ಬಿದ್ದು ಮಾಡಿದೆ. ಮಾಡಿದ ಮೊದಲ ದಿನವೇ ಒಬ್ಬಳು ಗಿರಾಕಿ ಹೊಸ ಸೀರೆ ತಂದು ಮೇಜಿನ ಮೇಲೆ ಹರಡಿದಳು. ನಾನಾಗಲೇ ಗದ್ದ ಎಳೆದುಕೊಂಡು ಎರಡು ಎಣಿಸಿದ್ದೆ. ಐದರ ತನಕ ಮಾತಾಡುವ ಹಾಗಿಲ್ಲ. ಅವಳು ನನ್ನ ಮುಖ ನೋಡಿದಳು, ಸೀರೆ ನೋಡಿದಳು.

"ಯಾಕಕ್ಕ, ಬಣ್ಣ ಅಷ್ಟೊಂದ್ ಕೆಟ್ಟದಾಗದಾ?"

ಮೂರು, ನಾಲ್ಕು.

"ಬುಡಕ್ಕ, ವಾಪಸ್ ಕೊಟ್ ಬತ್ತೀನಿ" ಅಂತ ಸೀರೆ ಮಡಚಿಕೊಂಡು ಹೊರಟೇಹೋದಳು. ಮಾರನೆಯ ದಿನ ಬೇರೆ ಬಣ್ಣದ್ದು ತಂದಳು. ದುರದೃಷ್ಟಕ್ಕೆ ಆಗಲೂ ನಾನು ಮೂರರಲ್ಲಿದ್ದೆ. ಟೈಲರಕ್ಕನಿಗೆ ಈಚೆಗೆ ಜಂಬ ಬಂದಿದೆ, ಸೀರೆ ಕಂಡರೆ ಮುಖ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ ಅಂತ ಬೀದಿಯಲ್ಲಿ ಮಾತಾಯಿತು. ನಮ್ಮನೆಯವರಂತೂ ಊಟಕ್ಕೆ ಕೂತಾಗ, "ನಾನ್ ಸ್ನಾನ ಮಾಡೇ ಬಂದಿರೋದು ಕಣೇ, ಅಂಗ್ಯಾಕ್ ಮೂತಿ ಇಂದಕ್ ಎಳ್ಕೊತೀಯೆ?" ಅಂದರು. ನಗಬಾರದು ಅಂದುಕೊಂಡರೂ ನಕ್ಕೆ, ಎಣಿಕೆ ತಪ್ಪಿತು, ಮತ್ತೆ ಒಂದರಿಂದ ಶುರುಮಾಡಿದೆ.

ಎರಡನೆಯ ಸಲ ಮಂಡ್ಯಕ್ಕೆ ಹೋದಾಗ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಬ್ಬರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಪೇಪರಿನ ಕೆಳಗಿನ ಪಂಚೆ, ಪಂಚೆಯ ಕೆಳಗಿನ ಪಾದ ಎಲ್ಲೋ ನೋಡಿದ ಹಾಗಿತ್ತು. ಶಿವಪುರದ ಯಜಮಾನರು. ಹದಿನೈದು ದಿನದ ಹಿಂದೆ ನನ್ನ ಮಣೆಯ ಮೇಲೆ ಕೂತು, ಮೂರು ಸಲ ತಾಗಿಸಿಕೊಂಡು, ತಿರುಗಿ ನೋಡದೆ ಹೋದವರು. ಪೇಪರು ಮೆಲ್ಲಗೆ ಇಳಿಯಿತು. ಅವರ ಕತ್ತಿಗೆ ಪಟ್ಟಿ ಕಟ್ಟಿತ್ತು.

"ಏನವ್ವಾ ಇಲ್ಲಿ?" ಅಂದರು.

"ಲೈನಿಂಗ್ ಬಟ್ಟೆಗೆ ಬಂದಿದ್ದೆ" ಅಂದೆ. ಗಾಬರಿಯಲ್ಲಿ ಬೇರೆ ಏನೂ ಬಾಯಿಗೆ ಬರಲಿಲ್ಲ.

"ಹೂಂ, ಹೂಂ. ನಾನೂ ಒಸಿ ಬೀಜದ ಬತ್ತ ಕೇಳ್ಕಂಡು ಓಗವಾ ಅಂತ."

ಸ್ವಲ್ಪ ಹೊತ್ತು ಇಬ್ಬರೂ ಗೋಡೆಗೆ ಅಂಟಿಸಿದ್ದ ಬೆನ್ನುಮೂಳೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆವು. ಆಮೇಲೆ ಅವರೇ ತಗ್ಗಿದ ದನಿಯಲ್ಲಿ, "ನಿನ್ ಕಾಲ್ದೇನೂ ತಪ್ಪಿಲ್ಲ ಕಣವ್ವ. ನಾನೇ ಆವತ್ತು ಬಾಗ್ಲಲ್ಲಿ ಒಂಚೂರು ತಿರುಗ್ ನೋಡ್ಬುಟ್ಟೆ" ಅಂದರು. ನನ್ನ ಮರ್ಯಾದೆ ಉಳಿಸಲು ಆ ಹಿರಿಯರು ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದರು. ನನಗೆ ನಾಚಿಕೆಯಾಯಿತು. ಹೀಗೆ ಇನ್ನೆಷ್ಟು ಜನ ನನಗಾಗಿ ಸುಮ್ಮನೆ ವಾಸಿಯಾಗಿದ್ದಾರೋ ಅಂತ ಆವತ್ತು ಮೊದಲ ಸಲ ಅನ್ನಿಸಿತು.

ಮೂರು ವಾರಕ್ಕೆ ನನ್ನ ಕತ್ತು ತಿರುಗತೊಡಗಿತು. ಆರನೆಯ ವಾರಕ್ಕೆ ಗೋಡೆಗೆ ತಲೆ ತಾಗಿತು. ಕತ್ತು ಹಗುರಾದಷ್ಟೂ ಕಾಲಿನ ಬಗ್ಗೆ ಅನುಮಾನ ಭಾರವಾಗುತ್ತ ಬಂತು.

ಅದೇ ಹೊತ್ತಿಗೆ ಪೂರಿಗಾಲಿಯಿಂದ ತಮ್ಮ ಫೋನು ಮಾಡಿದ. "ಅಕ್ಕ, ಅವ್ವುಂದು ಕತ್ತು ಇಡ್ಕೊಂಡದೆ. ಬಲಗೈ ಜೋಮು ಅಂತದೆ. ನೆನ್ನೆ ಮುದ್ದೆ ತಿರುವೋ ಕೋಲು ಕೈಯಿಂದ ಜಾರೋಯ್ತು. ಡಾಕ್ಟ್ರ ತಾವಕ್ ಬಾ ಅಂದ್ರೆ ಬರಲ್ಲ. ನೀನೇ ಬಂದು ಕಾಲು ತಾಗ್ಸು."

ಮುದ್ದೆ ಕೋಲು ಜಾರಿತು ಅಂದಾಗ ನನಗೆ ಭಯವಾಯಿತು. ಸೊಸೆ ಬಂದು ಹದಿನೈದು ವರ್ಷವಾದರೂ ಅವ್ವ ಆ ಕೋಲನ್ನು ಯಾರ ಕೈಗೂ ಕೊಟ್ಟವಳಲ್ಲ. ಆದರೆ ಆ ಭಯದ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು, ಹೇಳಲು ನಾಚಿಕೆ. ಅಂತೂ ಅವ್ವನ ಕತ್ತು ನನ್ನ ಕಾಲಿಗೆ ಸಿಗುತ್ತದೆ! ಕೂಡಲೇ ಮಂಡ್ಯದ ಮೇಡಂ ಹೇಳಿದ್ದೂ ನೆನಪಾಯಿತು. ಕೈಗೆ ಜೋಮು ಇಳಿದರೆ ತಡ ಮಾಡಬಾರದು, ಮೊದಲು ಡಾಕ್ಟರಿಗೆ ತೋರಿಸಬೇಕು ಅಂದಿದ್ದರು. ಮಳವಳ್ಳಿಯ ಮೇಲೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಇವೆರಡೂ ನನ್ನೊಳಗೆ ಜಗಳವಾಡಿದವು. ಕಾಲು ತಾಗಿಸಿದರೆ ಅವ್ವ ಅದನ್ನೇ ನೆಚ್ಚಿಕೊಂಡು ಮನೆಯಲ್ಲಿ ಕೂತರೆ? ಕೈ ಹೋದರೆ? ಬೇಡ, ಕಾಲಿನ ಮಾನ ಹೋದರೂ ಹೋಗಲಿ, ಅವ್ವನಿಗೆ ಎಲ್ಲವನ್ನೂ ಹೇಳಿ ಮಂಡ್ಯಕ್ಕೆ ಕರೆದುಕೊಂಡು ಹೋಗುವುದು ಅಂತ ಪೂರಿಗಾಲಿಯಲ್ಲಿ ಇಳಿಯುವಾಗ ತೀರ್ಮಾನ ಮಾಡಿದೆ.

ಅವ್ವ ಹಿತ್ತಲಲ್ಲಿ ಕೂತು ಎಡಗೈಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನನ್ನನ್ನು ಕಂಡದ್ದೇ ಬಲಗೈಯನ್ನು ಸೆರಗಿನೊಳಗೆ ಸೇರಿಸಿದಳು.

"ಯಾಕಮ್ಮಿ ಬಂದೆ? ನಂಗೇನಾಗದೆ?"

ಅಷ್ಟು ಸಾಕಾಯಿತು, ನನಗೆ ನೆತ್ತಿಗೇರಿತು. "ಏನಾಗದೆ ಅಂತ ಕೇಳ್ತೀಯಲ್ಲ! ಕೈ ಕೆಲಸ ಮಾಡ್ತಿಲ್ಲ, ಕತ್ತು ತಿರುಗ್ತಿಲ್ಲ. ಎಂಟು ವರ್ಸದೋಳಾಗಿದ್ದಾಗ್ಲಿಂದ ನೋಡ್ತಿವ್ನಿ, ಇದೇ ಮಾತು ಯೋಳ್ತೀಯೆ. ನಾಳೆ ಮಂಡ್ಯಕ್ ಓಗದು, ಅಷ್ಟೇ."

"ಮಂಡ್ಯ ಯಾಕೆ? ಕಾಲು ತಾಗ್ಸಕ್ ಬಂದೆ ಅಂತ ನಿನ್ ತಮ್ಮ ಅಂದ."

ನಾನು ಅವ್ವನ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ನನ್ನ ಕತ್ತು, ಚಪ್ಪಲಿ, ಲೈನಿಂಗ್ ಬಟ್ಟೆ, ಗದ್ದ, ವಾಪಸ್ಸಾದ ಸೀರೆ, ಶಿವಪುರದ ಯಜಮಾನರು. ಕೊನೆಗೆ, "ನನ್ ಕಾಲಲ್ಲಿ ಏನೂ ಇಲ್ಲ ಕಣವ್ವ. ನನ್ ಕತ್ತಿಗೇ ಆಗ್ಲಿಲ್ಲ. ಅದುನ್ನ ನಂಬ್ಕೊಂಡು ಕೈ ಕಳ್ಕೋಬೇಡ" ಅಂದೆ. ನಲವತ್ತೈದು ವರ್ಷದ ರಾಜಯೋಗವನ್ನು ನಾನೇ ಹಿತ್ತಲಿಗೆ ತಂದು ಎಸೆದಿದ್ದೆ.

ಅವ್ವ ನಗತೊಡಗಿದಳು. ಚಪ್ಪಲಿಯ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡು ನಕ್ಕಳು. ನಕ್ಕರೆ ಕತ್ತು ನೋಯುತ್ತದೆ, ನೋವಿಗೆ ಅಯ್ಯೋ ಅನ್ನುತ್ತಾಳೆ, ಮತ್ತೆ ನಗುತ್ತಾಳೆ. ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು, ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಒಂದ್ ಮಾತು ಯೋಳ್ತೀನಿ, ಕೂಗಾಡ್ಬೇಡ. ನೀನು ಕಾಲು ಮುಂದಾಗಿ ಉಟ್ಟಿಲ್ಲ."

"ಅಂದ್ರೆ?"

"ಎಲ್ರಂಗೆ ತಲೆ ಮುಂದಾಗೇ ಬಂದೆ. ತಲೆ ತುಂಬ ಕೂದ್ಲು. ನೀನು ಮೂರ್ನೇ ಎಣ್ಣು. ನಿಮ್ಮಜ್ಜಿ ಬಾಗ್ಲಾಚೆ ಕುಂತ್ಕೊಂಡು 'ಏನ್ ಮಗ?' ಅಂತ ಕೇಳ್ತಾವ್ಳೆ. ಸೂಲಗಿತ್ತಿ ಬಾಯ್ ಬುಡ್ತಿಲ್ಲ. ನಂಗೆ ಭಯ ಆಗೋಯ್ತು. ಈ ಮಗೀನ ಯಾರ್ ಎತ್ಕತಾರೆ, ಯಾರ್ ಮುದ್ ಮಾಡ್ತಾರೆ ಅಂತ. ಬಾಯಿಗ್ ಬಂದಿದ್ದ ಅಂದ್ಬುಟ್ಟೆ. 'ಎಣ್ಣು ಕಣತ್ತೆ, ಆದ್ರೆ ಕಾಲು ಮುಂದಾಗಿ ಬಂದದೆ' ಅಂತ. ಸೂಲಗಿತ್ತಿ ನನ್ ಮೊಖ ನೋಡುದ್ಲು. ಒಳ್ಳೇ ಎಂಗ್ಸು. 'ಊಂ ಕಣವ್ವ, ಎಡಗಾಲು ಮೊದ್ಲು' ಅಂತ ಅವಳೂ ಒಂದು ಸೇರಿಸುದ್ಲು."

ನನ್ನ ಬಾಯಿಂದ ಹೊರಟದ್ದು ದಡ್ಡ ಮಾತು. "ಮತ್ತೆ ಅಜ್ಜಿ ಸೊಂಟ?"

"ನಾನೂ ಬೆಚ್ಬಿದ್ದೆ ಕಣಮ್ಮಿ! ಮೂರು ತಿಂಗ್ಳು ಮಲಗಿದ್ದೋಳು ನನ್ ಬಾಣಂತನಕ್ಕೆ ಅಂತ ಎದ್ದು ಹತ್ ದಿವ್ಸ ಓಡಾಡಿದ್ಲಲ್ಲ, ಅದ್ರಲ್ಲೇ ಸರಿ ಓಗಿತ್ತೋ ಏನೋ. ಯಾರಿಗ್ ಗೊತ್ತು. ಅವತ್ತಿಂದ ಅವ್ಳು ನಿನ್ನ ಕೆಳೀಕ್ ಇಳಿಸ್ಲಿಲ್ಲ. ನಿಂಗೆ ಮೆಟ್ಟು ಬಂತು. ಸಾಕು ಅಂತ ನಾನು ಸುಮ್ನಾದೆ."

"ಅದಕ್ಕೇ ನೀನು ಒಂದಿನಾನೂ ಕತ್ತು ಕೊಡ್ಲಿಲ್ಲ."

"ಎಂಗ್ ಕೊಡ್ಲಿ? ವಾಸಿ ಆಯ್ತು ಅಂತ ನಾಟ್ಕ ಆಡಕ್ಕೆ ನಂಗ್ ಬರಲ್ಲ. ನನ್ ಮೊಖ ನೋಡುದ್ರೆ ನಿಂಗ್ ಗೊತ್ತಾಗೋಗದು. ನಿಂಗ್ ಗೊತ್ತಾದ್ರೆ ಊರಿಗೂ ಗೊತ್ತಾಗದು."

ನಾನು ಕೂಗಾಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಕೂಗಾಡಿದೆ. ಎಷ್ಟು ಜನರ ಬೆನ್ನಿಗೆ ಸುಮ್ಮಸುಮ್ಮನೆ ಕಾಲಿಡಿಸಿದೆ, ಮೇಷ್ಟರಿಗೂ ಇಡಿಸಿದೆಯಲ್ಲ ತಾಯಿ ಅಂತ ಕೂಗಾಡಿದೆ. ಅವ್ವ ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡಳು. ನಾನು ಸುಸ್ತಾದ ಮೇಲೆ, "ಈಗ್ಲೂ ಬತ್ತಾರಲ್ಲ ಜನ, ಬಂದೋರ್ಗೆ ಆ ಗದ್ದ ಎಳ್ಕೊಳದು ಯೋಳ್ಕೊಡು. ಕಾಲು ತಾಗ್ಸಿದ ಮೇಲೆ ಇಷ್ಟು ದಿನ ಇದುನ್ನ ಮಾಡ್ಬೇಕು ಅನ್ನು, ಮಾಡ್ತಾರೆ. ಬರೀ ಗದ್ದ ಎಳ್ಕೊ ಅಂದ್ರೆ ನಮ್ಮೋರು ಯಾರ್ ಕೇಳಾರು?" ಅಂದಳು. ಮಂಡ್ಯದ ಮೇಡಂಗೂ ಹೊಳೆಯದ ಮಾತು ಅದು. ಸಿಟ್ಟಿನಲ್ಲೂ ನನಗೆ ನಗು ಬಂತು. ಆಮೇಲೆ ಅಳುವೂ ಬಂತು. ಮೂರನೆಯ ಹೆಣ್ಣನ್ನು ಒಬ್ಬರಾದರೂ ಎತ್ತಿಕೊಳ್ಳಲಿ ಅಂತ, ಬಾಣಂತಿಯೊಬ್ಬಳು ಅರೆಗಣ್ಣಿನಲ್ಲಿ ಹೇಳಿದ ಒಂದು ಸುಳ್ಳಿನ ಮೇಲೆ ನಾನು ಇಷ್ಟು ದಿನ ನಡೆದುಕೊಂಡು ಬಂದಿದ್ದೆ.

ಮಂಡ್ಯಕ್ಕೆ ಹೋದದ್ದು, ಎಕ್ಸ್‌ರೇ ತೆಗೆಸಿದ್ದು, ಮೇಡಂ ಕೈಯಲ್ಲಿ ಅವ್ವ ಎರಡು ತಿಂಗಳು ಕಸರತ್ತು ಕಲಿತದ್ದು, ಕಲಿತು ನನಗೇ ತಪ್ಪು ತೋರಿಸಿದ್ದು, ಮುದ್ದೆ ಕೋಲನ್ನು ಸೊಸೆಯ ಕೈಯಿಂದ ವಾಪಸ್ಸು ಕಿತ್ತುಕೊಂಡದ್ದು, ಎಲ್ಲ ಆಮೇಲಿನ ಮಾತು. ನನಗೆ ಹೇಳಬೇಕಾಗಿರುವುದು ಮಾರನೆಯ ಬೆಳಿಗ್ಗೆಯದು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಫಿ ಕೊಟ್ಟರೆ ಅವ್ವ ಮುಟ್ಟಲಿಲ್ಲ. ಎಡಗೈಯಲ್ಲಿ ಮಣೆಯನ್ನು ಎಳೆದುಕೊಂಡು ಬಂದು ನಡುಮನೆಯಲ್ಲಿ ಹಾಕಿ, ನನಗೆ ಬೆನ್ನು ಮಾಡಿ ಕೂತಳು.

"ತಾಗ್ಸು" ಅಂದಳು.

"ಸುಳ್ಳು ಅಂದ್ಯಲ್ಲವ್ವ ನೆನ್ನೆ."

"ಸುಳ್ಳು ನಂದು. ಕಾಲು ನಿಂದಲ್ವಾ? ತಾಗ್ಸು ಬೇಗ, ಬಸ್ಸು ಬತ್ತದೆ."

ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿ ಎದ್ದೆ. ಅರ್ಧ ತಾಲ್ಲೂಕಿಗೆ ತಾಗಿಸಿದ ಕಾಲನ್ನು ಆವತ್ತು ಗೋಡೆ ಹಿಡಿದುಕೊಂಡು ಎತ್ತಿದೆ. ಅವ್ವನ ಕತ್ತು ಇಷ್ಟು ಸಣ್ಣದು ಅಂತ ನನಗೆ ಗೊತ್ತೇ ಇರಲಿಲ್ಲ. ಬಿಳಿ ಕೂದಲಿನ ಗಂಟಿನ ಕೆಳಗೆ ಕಾಲ್ಬೆರಳುಗಳ ತುದಿಯನ್ನು ಹೂವಿಟ್ಟ ಹಾಗೆ ಇಟ್ಟೆ. ಒಂದು ಸಲ, ಎರಡು ಸಲ, ಮೂರು ಸಲ.

"ಈಗ ಗದ್ದ ಒಳಕ್ಕೆ ಎಳ್ಕೊ. ಬಗ್ಗಿಸ್ಬೇಡ. ಐದ್ ಎಣ್ಸು" ಅಂದೆ.

ಅವ್ವ ಜೋರಾಗಿ ಎಣಿಸಿದಳು. ಐದಾದ ಮೇಲೆ ಮೊಣಕಾಲು ಹಿಡಿದು ಎದ್ದು, ಬ್ಯಾಗು ತೆಗೆದುಕೊಂಡು ಬಾಗಿಲ ಕಡೆ ಹೊರಟಳು. ಮಾತಾಡಬಾರದು, ಮಾತಾಡಲಿಲ್ಲ. ತಿರುಗಿ ನೋಡಬಾರದು ಅನ್ನುವುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊಸಲ ಹತ್ತಿರ ನಿಂತಳು. ಕತ್ತು ತಿರುಗುತ್ತಿರಲಿಲ್ಲವಲ್ಲ, ಚೌಕಟ್ಟು ಹಿಡಿದುಕೊಂಡು ಇಡೀ ಮೈಯನ್ನೇ ತಿರುಗಿಸಿ ನಿಂತು, ನನ್ನ ಮುಖವನ್ನು ನೋಡಿದಳು.